ಮನೆ ಮುಂದಿನ ಕೈತೋಟ ಹೊಸದಾಗಿ ಮಾಡಬೇಕಿದೆ, ಅನುಭವ ಇದ್ದವರು ತಿಳಿಸಿ

ಕೇಳಿದವರು, ಬೆಂಗಳೂರು:
30x40 ನಿವೇಶನದ ಹಳೆಯ ಮನೆ ಕೊಂಡಿದ್ದೇವೆ. ಪೂರ್ವಕ್ಕೆ, ಕಾಂಪೌಂಡ್ ಗೋಡೆಗೆ ಹೊಂದಿಕೊಂಡು ಆರಡಿ ಅಗಲದ ಮಣ್ಣಿನ ಜಾಗವಿದೆ. ಹುಲ್ಲುಹಾಸು ಅರ್ಧ ಒಣಗಿದೆ. ಗೋಡೆ ಪಕ್ಕದ ಇಕ್ಸೋರಾ ಗಿಡಗಳು ಹಳದಿಯಾಗಿವೆ. ಅತ್ತೆಯವರಿಗೆ ಪೂಜೆಗೆ ಹೂ ಬೇಕು, ಬೇಸಿಗೆಯಲ್ಲಿ ನೀರಿಗೆ ತೊಂದರೆ. ಎಲ್ಲವನ್ನೂ ಕಿತ್ತು ಹಾಕುವುದೇ ಒಳ್ಳೆಯದೇ?

ಬೆಂಗಳೂರಿನ ಇನ್ನೊಬ್ಬರು:
ನರ್ಸರಿಗೆ ಓಡುವ ಮುನ್ನ ಹಾರೆಯಿಂದ ಒಂದೂವರೆ ಅಡಿ ಅಗೆಸಿ ನೋಡಿ. ನಮ್ಮ ಊರಿನ ಎಷ್ಟೋ ಮನೆಗಳ ಮುಂದೆ ಮೇಲಷ್ಟೇ ನಾಲ್ಕು ಬೆರಳು ಕೆಂಪು ಮಣ್ಣು, ಕೆಳಗೆ ಬರೀ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟ್ ಗಾರೆ. ನಮ್ಮಲ್ಲಿ ಮುರಿದ ಸಿಂಕ್ ಕೂಡ ಸಿಕ್ಕಿತು! ಇಕ್ಸೋರಾಕ್ಕೆ ಹುಳಿ ಗುಣದ ಮಣ್ಣು ಬೇಕು. ಸಿಮೆಂಟಿನ ಸುಣ್ಣ ಸೇರಿ ಮಣ್ಣು ಕ್ಷಾರವಾದರೆ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರೆಲೆಯ ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಬಹುತೇಕ ಇದೇ ಕಾರಣ. ಯೂರಿಯಾ ಸುರಿಯುವುದರಿಂದ ಅದು ಸರಿಹೋಗುವುದಿಲ್ಲ. ಗಾರೆ ತೆಗೆಸಿ, ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ನಮ್ಮ ಗಿಡ ಚೇತರಿಸಿಕೊಂಡದ್ದು ಹೀಗೆ. ಆದ್ದರಿಂದ ಇಕ್ಸೋರಾ ಕೀಳಬೇಡಿ.

ಹುಲ್ಲನ್ನು ಮಾತ್ರ ಧಾರಾಳವಾಗಿ ಕಿತ್ತು ಹಾಕಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಬಹುದು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲಿ ನಾಲ್ಕು ಪೊದೆಗಿಡಗಳನ್ನು ಉಳಿಸಿಕೊಳ್ಳಬಹುದು, ಹುಲ್ಲುಹಾಸನ್ನಲ್ಲ.

ಮೈಸೂರಿನಿಂದ:
ಪೂಜೆಯ ಹೂ ಎಂದರೆ ನನ್ನ ಮೊದಲ ಮತ ನಂದಿಬಟ್ಟಲಿಗೆ. ಅರೆನೆರಳಿನಲ್ಲೂ ಹೂ ಬಿಡುತ್ತದೆ, ಸವರಿದಷ್ಟೂ ಚಿಗುರುತ್ತದೆ. ಗೋಡೆಯಿಂದ ಮೂರಡಿ ದೂರವಿಡಿ. ಮಧ್ಯಾಹ್ನದ ಮೇಲೆ ಮನೆಯ ನೆರಳು ಬೀಳುವ ಜಾಗ ನಿಮ್ಮದು, ಹಾಗಾಗಿ ದಾಸವಾಳಕ್ಕೆ ಬೆಳಗಿನ ಬಿಸಿಲು ಅತಿ ಹೆಚ್ಚು ಹೊತ್ತು ಬೀಳುವ ಮೂಲೆಯನ್ನೇ ಬಿಡಿ. ಕೆಂಪು ಒಂಟಿ ಸುತ್ತಿನ ನಾಟಿ ದಾಸವಾಳವೇ ಸಾಕು. ದೊಡ್ಡ ಹೂವಿನ ಹೈಬ್ರಿಡ್ ಗಿಡಗಳ ಆರೈಕೆಗೆ ನನಗಂತೂ ತಾಳ್ಮೆ ಇಲ್ಲ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ತುದಿ ನೋಡಿ, ಬಿಳಿ ಹಿಟ್ಟು ತಿಗಣೆ ಇರುತ್ತದೆ. ಬೇವಿನ ಎಣ್ಣೆಗೆ ತುಸು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ.

ಸಂಪಿಗೆ ಬೇಡ. ಅತ್ತೆಯವರು ಕೇಳಿಯೇ ಕೇಳುತ್ತಾರೆ, ಆದರೆ ಅದು ದೊಡ್ಡ ಮರ. ಆರಡಿ ಜಾಗದಲ್ಲಿ ಸಂಪಿನ ಪಕ್ಕ ನೆಡುವಂಥದ್ದಲ್ಲ. ಕಣಗಿಲೆ ನೀರಿಲ್ಲದೆಯೂ ಬದುಕುತ್ತದೆ, ಆದರೆ ಅದರ ಎಲ್ಲ ಭಾಗವೂ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಯೋಚಿಸಿ.

ಧಾರವಾಡದಿಂದ:
ಗೊರಟೆ ಮರೆತಿರಲ್ಲ! ಚಳಿಗಾಲದಲ್ಲಿ ಬೇರೆ ಹೂ ಕಡಿಮೆಯಾದಾಗ ಅದು ಕೈ ಹಿಡಿಯುತ್ತದೆ. ಉದುರಿದ ಎಲೆ ಗುಡಿಸಿ ಸುಡದೆ ಗಿಡದ ಬುಡಕ್ಕೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಬೇಸಿಗೆಯಲ್ಲಿ ನೀರು ಹಾಕುವ ಕೆಲಸ ಕಡಿಮೆಯಾಗುತ್ತದೆ.

ಕೇಳಿದವರು:
ಅಗೆಸಿದೆ. ಗಾರೆ ಮೂಟೆಗಟ್ಟಲೆ ಬಂತು. ಪಾರಿಜಾತಕ್ಕೆ ಜಾಗ ಆದೀತೇ? ಈಗಲೇ ನೆಡಲೇ, ಮಳೆಗೆ ಕಾಯಲೇ?

ಪುತ್ತೂರಿನಿಂದ:
ಇಕ್ಸೋರಾ ಎಂದು ನೀವು ದುಡ್ಡು ಕೊಟ್ಟು ತರುವ ಕೇಪಳ ಇಲ್ಲಿ ಗುಡ್ಡದಲ್ಲಿ ತಾನಾಗಿ ಬೆಳೆಯುತ್ತದೆ, ಇರಲಿ. ಗುಂಡಿಗಳನ್ನು ಈಗಲೇ ತೋಡಿ ಬಿಸಿಲಿಗೆ ಬಿಡಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಪಾರಿಜಾತ ಒಂದು ಆದೀತು, ಗೇಟಿನ ಮೂಲೆಗೆ. ಹೂ ಮುಗಿದ ಮೇಲೆ ಸವರುತ್ತಿರಬೇಕು. ಅದರಡಿ ಟೈಲ್ಸ್ ಹಾಕಿಸಬೇಡಿ, ಉದುರಿದ ಹೂ ತುಳಿದು ಜಾರುತ್ತದೆ. ರಾತ್ರಿ ಹಳೆಯ ಪಂಚೆಯೊಂದನ್ನು ಹಾಸಿಟ್ಟರೆ ಬೆಳಿಗ್ಗೆ ಹೂ ಮಣ್ಣಾಗದೆ ಸಿಗುತ್ತದೆ. ತಾರಸಿಯ ನೀರು ಬೀಳುವ ಕೊಳವೆಯ ಬುಡದಲ್ಲಿ ಮಾತ್ರ ಯಾವ ಗಿಡವನ್ನೂ ನೆಡಬೇಡಿ, ಮೊದಲ ಜೋರು ಮಳೆಗೇ ಬೇರು ಮೇಲೆ ಬರುತ್ತದೆ.