ಹಳೆಯ ಡೈವಿಂಗ್ ವಾಚು: ಡಯಲ್ ಒಂದು ಕಾಲದ್ದು, ಮುಳ್ಳು ಇನ್ನೊಂದು ಕಾಲದ್ದು

ಪ್ರಶ್ನೆ: ನಮಸ್ಕಾರ ಸರ್. 1972ರದ್ದೆಂದು ಹೇಳಲಾಗುವ ರೋಲೆಕ್ಸ್ ಸಬ್‌ಮರೀನರ್ 5513 ವಾಚೊಂದು ಮಾರಾಟಕ್ಕೆ ಬಂದಿದೆ. ಡಯಲ್ ಮೇಲಿನ ಗಂಟೆಯ ಚುಕ್ಕೆಗಳು ಕೆನೆಬಣ್ಣಕ್ಕೆ ತಿರುಗಿದ್ದು, ಪ್ರತಿ ಚುಕ್ಕೆಗೂ ಹೊಳೆಯುವ ಲೋಹದ ಅಂಚಿದೆ. ಮುಳ್ಳುಗಳು ಮಾತ್ರ ಕತ್ತಲಲ್ಲಿ ಬಹಳ ಹೊತ್ತು ಹಸಿರಾಗಿ ಬೆಳಗುತ್ತವೆ. ಬೆಜೆಲ್ (ಡಯಲ್ ಸುತ್ತಲಿನ ತಿರುಗುವ ಬಳೆ) ಎರಡೂ ಕಡೆ ತಿರುಗುವುದರಿಂದ ಅದು ಕೆಟ್ಟಿರಬಹುದೆಂದು ನನ್ನ ಅನುಮಾನ. ಎಲ್ಲ ಭಾಗಗಳೂ ಮೂಲದವೇ ಎನ್ನುವ ಮಾರಾಟಗಾರರು, ಪಾಲಿಶ್ ಮಾಡಿಸಿಯೇ ಕೊಡುತ್ತೇನೆ ಎಂದಿದ್ದಾರೆ. ಕೊಳ್ಳಬಹುದೇ?

ಉತ್ತರ: ಬೆಜೆಲ್ ಬಗ್ಗೆ ಚಿಂತೆ ಬೇಡ, 5513ರಲ್ಲಿ ಅದು ಎರಡೂ ಕಡೆ ತಿರುಗುವುದೇ ಸರಿ. ಅನುಮಾನ ಪಡಬೇಕಾದದ್ದು ಡಯಲ್ ಮತ್ತು ಮುಳ್ಳುಗಳ ಮೇಲೆ. ಈ ಮಾದರಿ 1962ರಿಂದ 1980ರ ದಶಕದ ಕೊನೆಯವರೆಗೂ ತಯಾರಾಯಿತು. ಎಪ್ಪತ್ತರ ದಶಕದ ಡಯಲ್‌ಗೆ ಹೊಳಪಿರುವುದಿಲ್ಲ ಮತ್ತು ಬೆಳಗುವ ಲೇಪವನ್ನು ನೇರವಾಗಿ ಅದರ ಮೇಲೆಯೇ ಹಚ್ಚಿರುತ್ತದೆ. ಲೋಹದ ಅಂಚಿನ ಚುಕ್ಕೆಗಳು ಬಂದದ್ದು ಎಂಬತ್ತರ ದಶಕದಲ್ಲಿ. ಆದ್ದರಿಂದ ಈ ವಾಚು ನಿಜವಾಗಿಯೂ 1972ರದ್ದಾದರೆ, ಅದರ ಡಯಲ್ ನಂತರ ಯಾವಾಗಲೋ ಬದಲಾಗಿದೆ.

ಮುಳ್ಳುಗಳು ಇನ್ನೂ ಈಚಿನವು. ಆ ಕಾಲದ ಲೇಪದಲ್ಲಿ ಬಳಸುತ್ತಿದ್ದ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸುಮಾರು 12.3 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ, ಐವತ್ತು ವರ್ಷ ದಾಟಿದ ಲೇಪ ತಾನಾಗಿ ಬೆಳಗುವುದಿಲ್ಲ. ಟಾರ್ಚ್ ಹಿಡಿದು ಆರಿಸಿದರೆ ಕೆಲ ಕ್ಷಣ ಮಿನುಗಿ ನಂದೀತು, ಅಷ್ಟೇ. ಬಹಳ ಹೊತ್ತು ಬೆಳಗುವ ಮುಳ್ಳುಗಳನ್ನು ಒಂದೋ ಬದಲಿಸಲಾಗಿದೆ, ಇಲ್ಲವೇ ಅವುಗಳಿಗೆ ಹೊಸ ಲೇಪ ಹಚ್ಚಲಾಗಿದೆ. ಇದೆಲ್ಲ ಮೋಸವೇ ಆಗಿರಬೇಕೆಂದಿಲ್ಲ. ಹಿಂದೆ ಸರ್ವಿಸ್‌ಗೆ ಕೊಟ್ಟಾಗ ಮಾಸಿದ ಡಯಲ್, ಮುಳ್ಳುಗಳನ್ನು ತೆಗೆದು ಹೊಸದು ಹಾಕುವುದು ವಾಡಿಕೆಯಾಗಿತ್ತು. ಆದರೆ ಸಂಗ್ರಾಹಕರು ಬೆಲೆ ಕೊಡುವುದು ಬಹುಮಟ್ಟಿಗೆ ಆ ಮಾಸಿದ ಡಯಲ್‌ಗೇ ಆದ್ದರಿಂದ, ಎಲ್ಲವೂ ಮೂಲದ್ದೆಂಬ ಲೆಕ್ಕದಲ್ಲಿ ಹೇಳಿದ ಬೆಲೆಯನ್ನು ಒಪ್ಪಬೇಡಿ.

ಪಟ್ಟಿಯನ್ನು ಬಿಚ್ಚಿಸಿ ಲಗ್‌ಗಳ (ಪಟ್ಟಿ ಸೇರುವ ಕೊಂಬುಗಳ) ನಡುವೆ ನೋಡಿ. 12 ಗಂಟೆಯ ಕಡೆ ಮಾದರಿ ಸಂಖ್ಯೆ, 6 ಗಂಟೆಯ ಕಡೆ ಸರಣಿ ಸಂಖ್ಯೆ ಕೆತ್ತಿರುತ್ತದೆ. ಸರಣಿ ಸಂಖ್ಯೆಯಿಂದ ತಯಾರಿಕೆಯ ಕಾಲವನ್ನು ಅಂದಾಜಿಸಬಹುದು. ಪಾಲಿಶ್ ಮಾತ್ರ ಖಂಡಿತ ಬೇಡವೆಂದು ಇಂದೇ ತಿಳಿಸಿ. ಗೀರು ಇದ್ದರೂ ಅಂಚು ಚೂಪಾಗಿರುವ ಕೇಸ್ (ಉಕ್ಕಿನ ಹೊರಕವಚ) ನನಗೆ ಕನ್ನಡಿಯಂತೆ ಹೊಳೆಯುವ ಕೇಸ್‌ಗಿಂತ ಮೇಲು, ಏಕೆಂದರೆ ಸವೆದುಹೋದ ಉಕ್ಕು ಮರಳಿ ಬರುವುದಿಲ್ಲ.

ಮರುಪ್ರಶ್ನೆ: ಧನ್ಯವಾದ ಸರ್. ಇದು 200 ಮೀಟರ್ ಆಳ ತಡೆಯುವ ವಾಚಲ್ಲವೇ? ಈಜುವಾಗ ಕಟ್ಟಿಕೊಳ್ಳಬಹುದೇ?

ಉತ್ತರ: ಆ ಅಂಕಿ ವಾಚು ಹೊಸದಾಗಿದ್ದಾಗಿನದು. ನೀರು ಒಳಬರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಕಾಲ ಕಳೆದಂತೆ ಗಡುಸಾಗುತ್ತದೆ, ಕೀ ಕೊಡುವ ಗುಂಡಿಯ ತಿರುಪು ಸವೆಯುತ್ತದೆ. ಗ್ಯಾಸ್ಕೆಟ್ ಬದಲಿಸಿ, ನೀರಿಲ್ಲದೆ ಗಾಳಿಯ ಒತ್ತಡದಲ್ಲೇ ಪರೀಕ್ಷಿಸುವ ಯಂತ್ರದಲ್ಲಿ ನೋಡಿಸಿದರೂ, ಈಜಿಗೆ ಬೇರೆ ವಾಚನ್ನೇ ಕಟ್ಟಿಕೊಳ್ಳಿ. ತೇವ ಒಳಹೊಕ್ಕರೆ ಮೊದಲು ಹಾಳಾಗುವುದು ಡಯಲ್.

ಮತ್ತೊಬ್ಬ ಸದಸ್ಯರ ಪ್ರಶ್ನೆ: 1950ರ ದಶಕದ ವಾಚುಗಳಿಗೂ ಟ್ರಿಟಿಯಂ ಪರೀಕ್ಷೆ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. 1953ರ ಬ್ಲಾಂಪಾನ್ ಫಿಫ್ಟಿ ಫ್ಯಾದಮ್ಸ್, 1957ರ ಒಮೆಗಾ ಸೀಮಾಸ್ಟರ್ 300ರ ಕಾಲದಲ್ಲಿ ರೇಡಿಯಂ ಲೇಪ ಸಾಮಾನ್ಯವಾಗಿತ್ತು. ಬೆಳಕು ಸತ್ತುಹೋಗಿದ್ದರೂ ಅದರ ವಿಕಿರಣ ಉಳಿದೇ ಇರುತ್ತದೆ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಉದುರುವ ಲೇಪದ ಪುಡಿ ಉಸಿರಿನೊಂದಿಗೆ ಒಳಹೋಗಬಾರದು, ಆದ್ದರಿಂದ ಅಂಥ ವಾಚನ್ನು ಮನೆಯಲ್ಲಿ ಬಿಚ್ಚಲೇಬೇಡಿ.