ಕ್ಯಾರಿಯೋಟೈಪ್ ನಾರ್ಮಲ್ ಬಂದಿದೆ, ಮತ್ತೆ ಜೀನ್ ಟೆಸ್ಟ್ ಯಾಕೆ?

ಪುಟ್ಟನ ಅಮ್ಮ:
ಮಗನಿಗೆ ಆರು ವರ್ಷ. ನಡೆಯಲು ಶುರು ಮಾಡಿದ್ದೇ ಎರಡು ತುಂಬಿದ ಮೇಲೆ, ಈಗಲೂ ಎರಡು ಪದ ಜೋಡಿಸಿ ಹೇಳುತ್ತಾನೆ ಅಷ್ಟೇ. ಎಂಆರ್‌ಐ, ಥೈರಾಯ್ಡ್, ಕ್ಯಾರಿಯೋಟೈಪ್ ಎಲ್ಲಾ ನಾರ್ಮಲ್. ಈಗ ಡಾಕ್ಟರು ಮೈಕ್ರೋಅರೇ ಮಾಡಿಸಿ, ಅದರಲ್ಲೂ ಸಿಗದಿದ್ದರೆ ಎಕ್ಸೋಮ್ ಅಂತಿದ್ದಾರೆ. ಕ್ರೋಮೋಸೋಮ್ ಸರಿಯಿದೆ ಅಂದ ಮೇಲೆ ಇನ್ನೇನು ಹುಡುಕುತ್ತಾರೆ? ಸಿಕ್ಕರೆ ಔಷಧಿ ಇದೆಯಾ? ಇಲ್ಲದಿದ್ದರೆ ಸುಮ್ನೆ ಮಗುವಿಗೆ ಸೂಜಿ ಚುಚ್ಚಿಸೋದು ಯಾಕೆ ಅಂತ ಮನೆಯವರು ಕೇಳುತ್ತಾರೆ.

ಲ್ಯಾಬ್‌ನವನು:
ಕ್ಯಾರಿಯೋಟೈಪ್ ಅಂದರೆ ಕ್ರೋಮೋಸೋಮ್‌ಗಳನ್ನು ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಂದ ನೋಡೋದು. ಡಿಎನ್‌ಎಯಲ್ಲಿ 50 ಲಕ್ಷದಿಂದ ಒಂದು ಕೋಟಿ ಅಕ್ಷರದಷ್ಟು ದೊಡ್ಡ ತುಂಡು ಕಾಣೆಯಾಗಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ. ಮೈಕ್ರೋಅರೇ ಅದಕ್ಕಿಂತ ತುಂಬಾ ಚಿಕ್ಕ ತುಂಡು ಕಳೆದಿದ್ದರೂ, ಎರಡೆರಡು ಸಲ ಇದ್ದರೂ ಹಿಡಿಯುತ್ತದೆ. ಇಂಥ ಮಕ್ಕಳಿಗೆ ಕ್ಯಾರಿಯೋಟೈಪ್ ಬದಲು ಮೊದಲು ಇದನ್ನೇ ಮಾಡಿ ಅಂತ ತಜ್ಞರು 2010ರಲ್ಲೇ ಹೇಳಿದ್ದಾರೆ. ನೂರು ಮಕ್ಕಳಲ್ಲಿ 15–20 ಮಕ್ಕಳಿಗೆ ಕಾರಣ ಸಿಗುತ್ತದೆ. ಉಳಿದವರಿಗೆ ಸಿಗಲ್ಲ, ಅದನ್ನೂ ತಿಳಿದೇ ಹೋಗಿ. ಒಂದೇ ಅಕ್ಷರ ತಪ್ಪಾಗಿದ್ದರೆ ಅದು ಮೈಕ್ರೋಅರೇಗೆ ಕಾಣಿಸಲ್ಲ, ಅದಕ್ಕೇ ಎಕ್ಸೋಮ್, ಅಂದರೆ ಜೀನ್‌ಗಳಲ್ಲಿ ಪ್ರೋಟೀನ್ ಮಾಡಿಸುವ ಭಾಗವನ್ನೆಲ್ಲ ಅಕ್ಷರ ಅಕ್ಷರವಾಗಿ ಓದೋದು.

ಒಂದು ಮಾತು. ಫ್ರಜೈಲ್ ಎಕ್ಸ್ ಟೆಸ್ಟ್ ಮಾಡಿಸಿದ್ದೀರಾ? ಎಫ್‌ಎಂಆರ್1 ಜೀನ್‌ನಲ್ಲಿ ಸಿಜಿಜಿ ಅನ್ನೋ ಮೂರಕ್ಷರ 200ಕ್ಕಿಂತ ಜಾಸ್ತಿ ಸಲ ಮರುಕಳಿಸಿದರೆ ಬರುವ, ಬೆಳವಣಿಗೆ-ಕಲಿಕೆ ನಿಧಾನವಾಗುವ ತೊಂದರೆ ಅದು. ಮೈಕ್ರೋಅರೇಯಲ್ಲಿ ಗೊತ್ತಾಗಲ್ಲ, ಎಕ್ಸೋಮ್‌ನಲ್ಲೂ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಬೇರೆಯಾಗಿ ಬರೆಸಿಕೊಳ್ಳಬೇಕು.

ಎರಡು ಮಕ್ಕಳ ತಾಯಿ:
ಔಷಧಿ ವಿಷಯ ನಾನು ಹೇಳುತ್ತೇನೆ ಅಕ್ಕ. ಹೆಚ್ಚಿನವಕ್ಕೆ ಇಲ್ಲ. ಕೆಲವಕ್ಕೆ ಇದೆ, ಗ್ಲೂಟ್-1 ಕೊರತೆ (ಮೆದುಳಿಗೆ ಗ್ಲೂಕೋಸ್ ಸರಿಯಾಗಿ ತಲುಪದ ತೊಂದರೆ) ಅಂತ ಬಂದರೆ ಕೀಟೋಜೆನಿಕ್ ಆಹಾರದಿಂದ, ಅಂದರೆ ಕೊಬ್ಬು ಜಾಸ್ತಿ, ಅನ್ನ-ಸಕ್ಕರೆ ತುಂಬಾ ಕಡಿಮೆ ಇರುವ ಊಟದಿಂದ, ಫಿಟ್ಸ್ ಕಡಿಮೆಯಾಗುತ್ತದೆ. ನನ್ನ ಮಗಳ ಎಕ್ಸೋಮ್‌ನಲ್ಲಿ ಮೊದಲು ಬಂದಿದ್ದು "ಅರ್ಥ ಖಚಿತವಿಲ್ಲದ ಬದಲಾವಣೆ". ಓದಿ ತಲೆ ಕೆಟ್ಟುಹೋಗಿತ್ತು. ಆಮೇಲೆ ನಮ್ಮಿಬ್ಬರ ರಕ್ತವನ್ನೂ ನೋಡಿದರು, ನಮ್ಮಲ್ಲಿ ಇರಲಿಲ್ಲ, ಅವಳಲ್ಲೇ ಹೊಸದಾಗಿ ಆಗಿದ್ದು. ಎರಡು ವರ್ಷ ಬಿಟ್ಟು ಅದೇ ಡೇಟಾವನ್ನು ಮತ್ತೆ ತೆಗೆದು ನೋಡಿದಾಗ ಹೆಸರು ಸಿಕ್ಕಿತು. ಹೊಸ ಸೂಜಿ ಬೇಕಾಗಲಿಲ್ಲ. ಬಸುರಿಯಲ್ಲಿ ಏನೋ ತಿಂದೆ, ಎಲ್ಲೋ ಬಿದ್ದೆ ಅಂತ ಅತ್ತೆ ಹೇಳುತ್ತಿದ್ದದ್ದು ಅವತ್ತಿಗೆ ನಿಂತಿತು! ಎರಡನೇ ಮಗು ಮಾಡಿಕೊಳ್ಳುವ ಧೈರ್ಯ ಬಂದಿದ್ದೂ ಆಗಲೇ. ಹೊಸದಾಗಿ ಆದದ್ದಾದರೆ ಮತ್ತೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 1, ತಂದೆತಾಯಿ ಇಬ್ಬರೂ ಒಂದೇ ಜೀನ್‌ನ ಒಂದೊಂದು ತಪ್ಪು ಪ್ರತಿ ಹೊತ್ತಿದ್ದರೆ ನಾಲ್ಕರಲ್ಲಿ ಒಂದು. ಎಷ್ಟು ವ್ಯತ್ಯಾಸ ನೋಡಿ.

ಪುಟ್ಟನ ಅಮ್ಮ:
ಫ್ರಜೈಲ್ ಎಕ್ಸ್ ಯಾರೂ ಹೇಳಿರಲಿಲ್ಲ. ನನ್ನ ಅಣ್ಣನಿಗೂ ಕಲಿಕೆ ತುಂಬಾ ನಿಧಾನ, ಅದನ್ನು ಡಾಕ್ಟರಿಗೆ ಹೇಳಬೇಕಾ?

ಲ್ಯಾಬ್‌ನವನು:
ಖಂಡಿತ, ಮೊದಲು ಅದನ್ನೇ ಹೇಳಿ. ಆ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರೋದು, ಅದಕ್ಕೇ ತಾಯಿಯ ಕಡೆಯ ಗಂಡಸರ ವಿವರ ತುಂಬಾ ಮುಖ್ಯ. ಪುಟ್ಟನದು ಪಾಸಿಟಿವ್ ಬಂದರೆ ನಿಮ್ಮದನ್ನೂ ಮಾಡಿಸಲು ಹೇಳುತ್ತಾರೆ, ಗಾಬರಿಯಾಗಬೇಡಿ.