ಟೆಲೋಮಿಯರ್‌ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಸಂಜೆಯೊಳಗೆ ಬೇಕು

ಬಾಗಲಕೋಟೆಯಿಂದ:
ಎಲ್ಲರಿಗೂ ನಮಸ್ಕಾರ. ಹಿರಿಯರ ಆರೋಗ್ಯ ಶಿಬಿರಕ್ಕೆ ಒಂದು ಫ್ಲೆಕ್ಸ್ ಬರೆದುಕೊಡಬೇಕು. ಟೆಲೋಮಿಯರ್ ಅಂದರೆ ವರ್ಣತಂತುವಿನ (ಕೋಶದೊಳಗಿನ ಡಿಎನ್‌ಎ ಎಳೆಯ) ತುದಿಯ ಭಾಗ. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ಈಗಿರುವುದು ಹೀಗೆ: ‘ವಯಸ್ಸಾದವರ ರಕ್ತಕಣಗಳ ಟೆಲೋಮಿಯರ್ ಉದ್ದ ಮತ್ತು ಎಣಿಕೆ’. ಒಬ್ಬರು ಟೆಲೋಮಿಯರ್‌ಗೆ ‘ಅಂತ್ಯಖಂಡ’ ಹಾಕಿ ಎಂದರು. ಎಪ್ಪತ್ತು ದಾಟಿದವರು ಬರುವ ಬಾಗಿಲಿಗೆ ‘ಅಂತ್ಯ’ ಅಂತ ಕಟ್ಟೋದಾ? ಬೇರೆ ಏನಾದರೂ ಹೇಳಿ.

ವಿಜಯಪುರದಿಂದ:
ಗ್ರೀಕ್‌ನಲ್ಲಿ ಟೆಲೋಸ್ ಎಂದರೆ ತುದಿ, ಮೆರೋಸ್ ಎಂದರೆ ಭಾಗ. 1938ರಲ್ಲಿ ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಈ ಪದವನ್ನು ಗ್ರೀಕ್ ಬೇರಿನಿಂದ ಕಟ್ಟಿದ. ನಾವು ಕನ್ನಡದ ಬೇರಿನಿಂದ ಕಟ್ಟೋಣ: ತುದಿತುಂಡು. ಮುಗೀತು. ಮತ್ತೆ ‘ರಕ್ತ’ ಯಾಕೆ? ನೆತ್ತರು ಸತ್ತುಹೋಗಿದೆಯಾ?

ಬೆಳಗಾವಿಯಿಂದ:
ತುಂಡು ಅಂದರೆ ಕಡಿದದ್ದು. ಇದು ಕಡಿದದ್ದಲ್ಲ. ‘ನೆತ್ತರ ಎಣಿಕೆ’ ಅಂದರೆ ಜನ ಪೊಲೀಸ್ ಠಾಣೆಗೆ ಹೋಗುತ್ತಾರೆ, ಶಿಬಿರಕ್ಕಲ್ಲ.

ಇಳಕಲ್‌ನಿಂದ:
ಅಕ್ಕಾವ್ರೇ, ಪದ ನಮ್ಮ ಮನೆಯಲ್ಲೇ ಇದೆ. ದಶಿ. ನೇಯ್ಗೆ ಮುಗಿದ ಮೇಲೆ ಬಟ್ಟೆಯ ಕೊನೆಯಲ್ಲಿ ಹಾಸಿನ ಎಳೆಗಳು ಬಿಟ್ಟಿರುತ್ತವಲ್ಲ, ಅವು. ನಮ್ಮ ಅತ್ತೆ ಚಾದರ ತೊಡೆಯ ಮೇಲೆ ಹಾಕಿಕೊಂಡು, ನಾಲ್ಕು ನಾಲ್ಕು ಎಳೆ ಕೂಡಿಸಿ, ಅಂಗೈಗೆ ಉಗುಳು ಹಚ್ಚಿ ಹೊಸೆದು ಗಂಟು ಹಾಕುತ್ತಿದ್ದರು. ಗಂಟು ಬಿಚ್ಚಿತೋ, ಒಗೆದಾಗೊಮ್ಮೆ ಒಂದೊಂದು ಅಡ್ಡ ಎಳೆ ಜಾರುತ್ತದೆ. ದಶಿ ಗಟ್ಟಿ ಇರುವವರೆಗೆ ಬಟ್ಟೆಗೆ ಏನೂ ಆಗಲ್ಲ. ಟೆಲೋಮಿಯರ್ ಮಾಡುವುದೂ ಇದನ್ನೇ. ಕೋಶ ಒಡೆದು ಎರಡಾದಾಗೊಮ್ಮೆ ಅದು ಚೂರು ಸವೆಯುತ್ತದೆ, ಒಳಗಿನ ಅಸಲು ಬರಹವಾದ ಜೀನ್‌ಗಳು ಉಳಿಯುತ್ತವೆ.

ಇನ್ನೊಂದು ಮಜಾ ಕೇಳಿ. ಇದರ ಮೂಲ ಸಂಸ್ಕೃತದ ‘ದಶಾ’. ಮೋನಿಯರ್ ವಿಲಿಯಮ್ಸ್ ನಿಘಂಟು ತೆಗೆಯಿರಿ: ಬಟ್ಟೆಯ ಅಂಚಿನ ಎಳೆ, ದೀಪದ ಬತ್ತಿ, ಮತ್ತೆ ಆಯಸ್ಸಿನ ಹಂತ. ಬಾಲ್ಯ, ಯೌವನ, ಮುಪ್ಪು ಎಲ್ಲಾ ಅದೇ ಪದದೊಳಗೆ. ಅಂಚಿನ ಎಳೆಯೂ ಅದೇ, ವಯಸ್ಸೂ ಅದೇ! ಮುಲ್ಲರ್‌ಗೆ ಇದು ಗೊತ್ತಿದ್ದರೆ ಗ್ರೀಕ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ವಿಜಯಪುರದಿಂದ:
ಅಂದರೆ ಮತ್ತೆ ಸಂಸ್ಕೃತದ ಕಾಲಿಗೇ ಬಿದ್ದಿರಿ. ಜೊತೆಗೆ ಹಿರಿಯರು ‘ದಶೆ’ ಅಂತ ಓದಿ ಶನಿಕಾಟ ಅಂದುಕೊಳ್ಳುತ್ತಾರೆ. ಎಳ್ಳೆಣ್ಣೆ ಬತ್ತಿಯನ್ನೂ ತಯಾರಿಟ್ಟುಕೊಳ್ಳಿ.

ಬೆಳಗಾವಿಯಿಂದ, ಇನ್ನೊಬ್ಬರು:
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಪದ ಆಮೇಲೆ, ಮೊದಲು ಸಾಲು ತಿದ್ದಿ. ‘ರಕ್ತಕಣಗಳ ಟೆಲೋಮಿಯರ್’ ತಪ್ಪು. ಕೆಂಪು ಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕುತ್ತದೆ. ವರ್ಣತಂತುವೇ ಇಲ್ಲದ ಮೇಲೆ ಅದರ ತುದಿ ಎಲ್ಲಿಂದ ಬಂತು? ಪ್ಲೇಟ್ಲೆಟ್‌ಗೂ ಇಲ್ಲ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಬಿಳಿ ಕಣದ ಡಿಎನ್‌ಎಯಲ್ಲಿ. ಕಣಗಳೆಲ್ಲ ಹುಟ್ಟುವುದು ಎಲುಬಿನ ಮಜ್ಜೆಯ ಮೂಲಕೋಶಗಳಿಂದ, ಅವುಗಳ ಟೆಲೋಮಿಯರ್ ವಯಸ್ಸಾದಂತೆ ಗಿಡ್ಡವಾಗುತ್ತದೆ. ಅದಕ್ಕೇ ಎಣಿಕೆಯ ಜೊತೆ ಹೋಲಿಸಿ ನೋಡುತ್ತಾರೆ. ಟೆಲೋಮಿಯರ್ ಗಿಡ್ಡ ಇದ್ದವರಲ್ಲಿ ಕೆಂಪು ಕಣದ ಗಾತ್ರ ದೊಡ್ಡದಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ‘ದಶಿ ಸವೆದರೆ ರಕ್ತ ಕಮ್ಮಿ’ ಅಂತ ಫ್ಲೆಕ್ಸ್‌ನಲ್ಲಿ ಬರೆಯಬೇಡಿ ಮಾರಾಯ್ರೇ. ಒಬ್ಬರಲ್ಲಿ ರಕ್ತ ಕಮ್ಮಿಯಾಗಲು ಕಬ್ಬಿಣ, ಬಿ12, ಕಿಡ್ನಿ, ನೂರು ಕಾರಣ.

ನನ್ನನ್ನು ಕೇಳಿದರೆ ‘ಟೆಲೋಮಿಯರ್’ ಅಂತಲೇ ಇರಲಿ. ಡೆಂಗೀ ಬಂದ ಮೇಲೆ ಹಳ್ಳಿಯ ಅಜ್ಜಿಯೂ ‘ಪ್ಲೇಟ್ಲೆಟ್ ಎಷ್ಟು ಬಂತು’ ಅಂತಾಳೆ. ಕಿರುತಟ್ಟೆ ಅಂದವರನ್ನು ನಾನು ಕೌಂಟರ್‌ನಲ್ಲಿ ಒಬ್ಬರನ್ನೂ ಕಂಡಿಲ್ಲ.

ವಿಜಯಪುರದಿಂದ:
ಹೀಗೇ ಬಿಟ್ಟುಕೊಡುತ್ತಾ ಹೋದರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಬೆಳಗಾವಿಯಿಂದ:
ನೀವು ಕಾಯಿಲೆ ಬಿದ್ದರೆ ಹೋಗುವ ದವಾಖಾನೆಯಲ್ಲಿ ಅರ್ಧ ಅರಬ್ಬಿ, ಅರ್ಧ ಫಾರ್ಸಿ. ನಾವೆಲ್ಲ ಆಡುವ ‘ಕಮ್ಮಿ’ ಫಾರ್ಸಿ, ‘ಜಾಸ್ತಿ’ ಅರಬ್ಬಿ. ಮೊದಲು ಅವನ್ನು ಗಡಿ ದಾಟಿಸಿ, ಆಮೇಲೆ ಟೆಲೋಮಿಯರ್ ನೋಡೋಣ.

ವಿಜಯಪುರದಿಂದ:
ಬಂದು ನೂರಾರು ವರ್ಷ ಆದದ್ದಕ್ಕೂ ನಿನ್ನೆ ಬಂದದ್ದಕ್ಕೂ ಫರಕ್ ಇಲ್ಲವೇ?

ಬೆಳಗಾವಿಯಿಂದ:
ಇದೆ. ‘ಫರಕ್’ ಅರಬ್ಬಿ.

ಬಾಗಲಕೋಟೆಯಿಂದ:
ಫ್ಲೆಕ್ಸ್ ಅಚ್ಚಿಗೆ ಹೋಯಿತು. ‘ವಯಸ್ಸಾದವರಲ್ಲಿ ಟೆಲೋಮಿಯರ್ ಉದ್ದ ಮತ್ತು ರಕ್ತಕಣಗಳ ಎಣಿಕೆ’. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಟೆಲೋಮಿಯರ್: ವರ್ಣತಂತುವಿನ ದಶಿ’. ಲ್ಯಾಬ್ ಅಣ್ಣಾವ್ರಿಗೆ ಥ್ಯಾಂಕ್ಸ್, ಸಾಲು ತಪ್ಪೇ ಇತ್ತು. ಅಂಗಡಿಯ ಹುಡುಗ ‘ದಶಿ’ಯನ್ನು ಕಾಗುಣಿತದ ತಪ್ಪು ಅಂದುಕೊಂಡು ‘ರಾಶಿ’ ಮಾಡಿದ್ದ. ನಿಂತು ತಿದ್ದಿಸಿದೆ.

ವಿಜಯಪುರದಿಂದ:
ದಶಿ ಅಲ್ಲ. ಶಕಾರ ಸಕಾರವಾಗಬೇಕು. ತದ್ಭವ ಅಂದರೆ ದಸಿ.

ಇಳಕಲ್‌ನಿಂದ:
ಗುರುಗಳೇ, ದಸಿ ಅಂದರೆ ಗೂಟ.